ಪಾಸಿಟಿವ್ ಆಗಿ ಯೋಚಿಸಿದರೆ ಕಾಯಿಲೆ ಕಡಿಮೆ ಆಗುತ್ತಾ? ಒಳ್ಳೆ ಮಾತು, ಪ್ರಾರ್ಥನೆ ಬಗ್ಗೆ ನಿಮ್ಮ ಅನಿಸಿಕೆ ಬೇಕು

ತುಂಗೆದಡ, ಶಿವಮೊಗ್ಗ:

ಎಲ್ಲರಿಗೂ ನಮಸ್ಕಾರ. ನಮ್ಮ ಚಿಕ್ಕಮ್ಮನಿಗೆ ಸ್ತನ ಕ್ಯಾನ್ಸರ್ ಅಂತ ಗೊತ್ತಾಗಿ ಆಪರೇಷನ್ ಆಯಿತು, ಈಗ ಕೀಮೋ ನಡೆಯುತ್ತಿದೆ. ಡಾಕ್ಟರು ಧೈರ್ಯ ಕೊಟ್ಟಿದ್ದಾರೆ. ನನ್ನ ಪ್ರಶ್ನೆ ಚಿಕಿತ್ಸೆ ಬಗ್ಗೆ ಅಲ್ಲ, ನೋಡೋಕೆ ಬರುವ ನೆಂಟರ ಬಗ್ಗೆ.

ಬಂದವರೆಲ್ಲ ಹೇಳುವುದು ಒಂದೇ, "ಪಾಸಿಟಿವ್ ಆಗಿರು, ಎಲ್ಲಾ ಸರಿಹೋಗುತ್ತೆ." ಹೇಳಲಿ, ತಪ್ಪಿಲ್ಲ. ಆದರೆ ಮೊನ್ನೆ ಚಿಕ್ಕಮ್ಮ ತಲೆ ಬಾಚಿಕೊಳ್ಳುವಾಗ ಕೂದಲು ಹಿಡಿ ಹಿಡಿಯಾಗಿ ಬಾಚಣಿಗೆಗೆ ಬಂತು, ಅಲ್ಲೇ ಕೂತು ಅತ್ತುಬಿಟ್ಟರು. ಪಕ್ಕದಲ್ಲಿದ್ದ ಸಂಬಂಧಿಕರೊಬ್ಬರು "ಹೀಗೆ ಅಳ್ತಾ ನೆಗೆಟಿವ್ ಯೋಚನೆ ಮಾಡ್ತಾ ಇದ್ರೆ ಔಷಧಿ ನಾಟಲ್ಲ, ಮತ್ತೆ ಬರುತ್ತೆ ನೋಡು" ಅಂದರು. ಅವತ್ತಿನಿಂದ ಚಿಕ್ಕಮ್ಮನಿಗೆ ಅಳೋಕೂ ಭಯ. ರಾತ್ರಿ ನಿದ್ದೆ ಬರದೆ ಏನಾದರೂ ಕೆಟ್ಟ ಯೋಚನೆ ಬಂದರೆ ಬೆಳಿಗ್ಗೆ ಎದ್ದು "ನಾನೇ ಕಾಯಿಲೆ ಜಾಸ್ತಿ ಮಾಡ್ಕೊಳ್ತಿದೀನಾ?" ಅಂತ ನನ್ನನ್ನು ಕೇಳುತ್ತಾರೆ.

ಅವರು ದೈವಭಕ್ತೆ. ಸಂಜೆ ದೀಪ ಹಚ್ಚಿ ವಿಷ್ಣು ಸಹಸ್ರನಾಮ ಹೇಳುವುದು ಮೊದಲಿಂದಲೂ ರೂಢಿ. ನನಗೆ ಅಷ್ಟು ನಂಬಿಕೆ ಇಲ್ಲ, ಹಾಗಂತ ಅವರ ಮುಂದೆ ವಾದ ಮಾಡುವ ಆಸೆಯೂ ಇಲ್ಲ. ಈ ಒಳ್ಳೆ ಯೋಚನೆ, ಒಳ್ಳೆ ಮಾತು, ಪ್ರಾರ್ಥನೆ ನಿಜಕ್ಕೂ ಏನು ಮಾಡುತ್ತವೆ? ಗೊತ್ತಿರುವವರು ಹೇಳಿ. ದಯವಿಟ್ಟು ಫಾರ್ವರ್ಡ್ ಮೆಸೇಜ್ ಬೇಡ, ನಮ್ಮ ಫ್ಯಾಮಿಲಿ ಗ್ರೂಪಿನಲ್ಲೇ ಬೇಕಾದಷ್ಟು ಬಂದಿವೆ.

ಬೆಳಗಿನ ಕಿರಣ, ಮೈಸೂರು:

ಮೊದಲು ಚಿಕ್ಕಮ್ಮ ಬೇಗ ಹುಷಾರಾಗಲಿ. ಇವತ್ತು ಸಂಜೆ ಅವರ ಹೆಸರಲ್ಲಿ ಒಂದು ತುಪ್ಪದ ದೀಪ ಹಚ್ಚುತ್ತೇನೆ.

ಆ ನೆಂಟರು ಹೇಳಿದ ರೀತಿ ಒರಟು, ಒಪ್ಪಿದೆ. ಆದರೆ ವಿಷಯವೇ ಸುಳ್ಳು ಅನ್ನಬೇಡಿ. ಮುಸ್ಸಂಜೆ ಹೊತ್ತಲ್ಲಿ ಕೆಟ್ಟ ಮಾತು ಆಡಬೇಡಿ, ಅಸ್ತು ದೇವತೆಗಳು ಓಡಾಡುತ್ತಿರುತ್ತಾರೆ ಅಂತ ಹಿರಿಯರು ಸುಮ್ನೆ ಹೇಳಿದರಾ? ಹೊರಡುವಾಗ "ಹೋಗ್ತೀನಿ" ಅನ್ನದೆ "ಹೋಗಿ ಬರ್ತೀನಿ" ಅನ್ನುವುದು, ಅಕ್ಕಿ ಖಾಲಿಯಾದರೆ "ತುಂಬಿದೆ" ಅನ್ನುವುದು, ಇದೆಲ್ಲ ಮಾತಿಗೆ ಶಕ್ತಿ ಇದೆ ಅಂತ ಗೊತ್ತಿದ್ದವರು ಮಾಡಿದ ಪದ್ಧತಿ. ಜಪಾನಿನ ಮಸಾರು ಎಮೊಟೊ ನೀರಿಗೆ ಒಳ್ಳೆ ಮಾತು ಹೇಳಿ, ಹೆಪ್ಪುಗಟ್ಟಿಸಿ, ಒಳ್ಳೆ ಮಾತಿಗೆ ಹರಳು ಚಂದ ಬಂತು ಅಂತ ಫೋಟೋ ತೋರಿಸಿದ್ದು ಎಲ್ಲರೂ ನೋಡಿದ್ದೀರಿ. ನಮ್ಮ ಮನೆ ಮಕ್ಕಳು ಎರಡು ಬಾಟಲಿಗೆ ಅನ್ನ ತುಂಬಿ, ಒಂದಕ್ಕೆ ದಿನಾ "ಥ್ಯಾಂಕ್ಸ್", ಇನ್ನೊಂದಕ್ಕೆ ದಿನಾ ಬೈಗುಳ ಹೇಳಿದರು. ಬೈಸಿಕೊಂಡದ್ದು ಕಪ್ಪಗಾಯಿತು. ನಮ್ಮ ಮೈಯಲ್ಲೂ ಬಹುಪಾಲು ನೀರೇ ಅಲ್ವಾ?

ಗಡಿಬಿಡಿ ಗುಂಡ:

ಅಸ್ತು ದೇವತೆಗಳು ನಮ್ಮ ಏರಿಯಾಗೆ ಬರುವುದಿಲ್ಲ ಅಂತ ಕಾಣುತ್ತೆ. ಎಸ್ಸೆಸ್ಸೆಲ್ಸಿ ಗಣಿತ ಪರೀಕ್ಷೆ ಮುಂದಕ್ಕೆ ಹೋಗಲಿ ಅಂತ ನಾನು ಮುಸ್ಸಂಜೆಯಲ್ಲೇ ಕೂತು ಬೇಡಿಕೊಂಡಿದ್ದೆ.

ತಮಾಷೆ ಸಾಕು. ಅಕ್ಕಾ, ಆ ನೆಂಟರಿಗೆ ಕಾಫಿ ಕೊಟ್ಟು ಹಾಲ್‌ನಲ್ಲೇ ಕೂರಿಸಿ ಕಳಿಸಿ. "ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು" ಅಂತ ಗಾದೆ ಇರುವುದು ಇಂಥವರಿಗೇ.

ಲೆಕ್ಕದ ಮೇಷ್ಟ್ರು, ಹಾಸನ:

ಕಿರಣ ಅವರೇ, ಅನ್ನದ ಪ್ರಯೋಗ ಚೆನ್ನಾಗಿದೆ, ಆದರೆ ಒಂದೊಂದೇ ಬಾಟಲಿ ಇಟ್ಟರೆ ಅದು ಲೆಕ್ಕಕ್ಕೆ ಬರುವುದಿಲ್ಲ. ಯಾವ ಬಾಟಲಿಗೆ ಕೈ ತಾಗಿತು, ಯಾವುದರ ಮುಚ್ಚಳ ಸಡಿಲ ಇತ್ತು, ಯಾವುದು ಕಿಟಕಿ ಹತ್ತಿರ ಇತ್ತು, ಇಷ್ಟಕ್ಕೇ ಬೂಷ್ಟು ಹೆಚ್ಚುಕಡಿಮೆ ಆಗುತ್ತದೆ. ಮುಂದಿನ ರಜೆಯಲ್ಲಿ ಮಕ್ಕಳಿಗೆ ಇಪ್ಪತ್ತು ಬಾಟಲಿ ಕೊಡಿ. ಹತ್ತಕ್ಕೆ ಹೊಗಳಿಕೆ, ಹತ್ತಕ್ಕೆ ಬೈಗುಳ. ಚೀಟಿಯನ್ನು ತಳದಲ್ಲಿ ಅಂಟಿಸಿ, ಕೊನೆಗೆ ಯಾವುದು ಜಾಸ್ತಿ ಕೆಟ್ಟಿದೆ ಅಂತ ಚೀಟಿ ನೋಡದ ಪಕ್ಕದ ಮನೆಯವರಿಂದ ಹೇಳಿಸಿ. ಏನು ಬಂತು ಅಂತ ಇಲ್ಲೇ ಬರೆಯಿರಿ, ನಾನೂ ಕಾಯುತ್ತೇನೆ.

ತುಂಗೆದಡ ಅವರ ಪ್ರಶ್ನೆಗೆ ಬರೋಣ. ಪ್ರಾರ್ಥನೆಯನ್ನು ಹೀಗೆ ಪರೀಕ್ಷೆ ಮಾಡಿದವರಿದ್ದಾರೆ. ಅಮೆರಿಕದ ಹೃದ್ರೋಗ ತಜ್ಞ ಹರ್ಬರ್ಟ್ ಬೆನ್ಸನ್ ಮತ್ತು ಜೊತೆಗಾರರು ಆರು ಆಸ್ಪತ್ರೆಗಳಲ್ಲಿ ಬೈಪಾಸ್ ಸರ್ಜರಿಗೆ ಬಂದ 1802 ರೋಗಿಗಳನ್ನು ಮೂರು ಗುಂಪು ಮಾಡಿದರು. ಫಲಿತಾಂಶ ಬಂದದ್ದು 2006ರಲ್ಲಿ. ಒಂದು ಗುಂಪಿಗಾಗಿ ದೂರದಲ್ಲಿ ಕೆಲವರು ಪ್ರಾರ್ಥನೆ ಮಾಡಿದರು, ಇನ್ನೊಂದಕ್ಕೆ ಮಾಡಲಿಲ್ಲ. ಯಾರಿಗೆ ಮಾಡುತ್ತಿದ್ದಾರೆ, ಯಾರಿಗೆ ಇಲ್ಲ ಅಂತ ಈ ಎರಡೂ ಗುಂಪಿನ ರೋಗಿಗಳಿಗೆ ಗೊತ್ತಿರಲಿಲ್ಲ. ಆಪರೇಷನ್ ಆದಮೇಲೆ ಏನಾದರೂ ತೊಂದರೆ ಆದವರು ಮೊದಲ ಗುಂಪಿನಲ್ಲಿ ಶೇ. 52, ಎರಡನೆಯದರಲ್ಲಿ ಶೇ. 51. ಅಂದರೆ ವ್ಯತ್ಯಾಸ ಇಲ್ಲ.

ಮೂರನೇ ಗುಂಪೇ ಮುಖ್ಯ. ಅವರಿಗೆ "ನಿಮಗಾಗಿ ಖಂಡಿತ ಪ್ರಾರ್ಥನೆ ನಡೆಯುತ್ತದೆ" ಅಂತ ಮೊದಲೇ ಹೇಳಿದ್ದರು. ಅವರಲ್ಲಿ ತೊಂದರೆ ಆದವರು ಶೇ. 59. ಜಾಸ್ತಿ! ಯಾಕೆ ಅಂತ ಖಚಿತವಾಗಿ ಹೇಳಲು ಆಗಲಿಲ್ಲ. "ನನಗಾಗಿ ಜನ ಸೇರಿ ಪ್ರಾರ್ಥನೆ ಮಾಡುವಷ್ಟು ನನ್ನ ಸ್ಥಿತಿ ಕೆಟ್ಟಿದೆಯಾ" ಅಂತ ಅವರು ಹೆದರಿರಬಹುದು ಅನ್ನುವುದು ಒಂದು ಊಹೆ. ನಿಮ್ಮ ಚಿಕ್ಕಮ್ಮನ ಸುತ್ತ ದಿನಾ ನಾಲ್ಕು ಜನ ಸಪ್ಪೆ ಮುಖ ಹಾಕಿಕೊಂಡು "ನಿನಗೋಸ್ಕರ ಹರಕೆ ಹೊತ್ತಿದ್ದೀವಿ" ಅಂದರೆ ಅವರಿಗೂ ಏನನ್ನಿಸಬಹುದು, ಯೋಚನೆ ಮಾಡಿ.

ಬೆಳಗಿನ ಕಿರಣ, ಮೈಸೂರು:

ಮೇಷ್ಟ್ರೇ, ಆ ಅಧ್ಯಯನ ನನಗೂ ಗೊತ್ತು. ಪ್ರಾರ್ಥನೆ ಮಾಡಿದವರ ಕೈಗೆ ಕೊಟ್ಟದ್ದು ರೋಗಿಯ ಹೆಸರು, ಮನೆತನದ ಹೆಸರಿನ ಮೊದಲ ಅಕ್ಷರ, ಅಷ್ಟೇ. ಮುಖ ನೋಡಿಲ್ಲ, ಮಾತಾಡಿಲ್ಲ. ಅದೂ, ಹೆತ್ತ ತಾಯಿ ಐಸಿಯು ಬಾಗಿಲಲ್ಲಿ ನಿಂತು ಮಾಡುವ ಪ್ರಾರ್ಥನೆಯೂ ಒಂದೇನಾ? ಪ್ರಾರ್ಥನೆ ಅಂದರೆ ತಾಲೂಕು ಕಚೇರಿಗೆ ಕೊಡುವ ಅರ್ಜಿ ಅಲ್ಲ, ಮಂಜೂರಾಯಿತಾ ಇಲ್ವಾ ಅಂತ ಶೇಕಡಾ ಲೆಕ್ಕ ಹಾಕೋಕೆ.

ಲೆಕ್ಕದ ಮೇಷ್ಟ್ರು, ಹಾಸನ:

ನಿಮ್ಮ ಮಾತು ನ್ಯಾಯವಾಗಿದೆ. ಆ ಮೂರೂ ಗುಂಪಿನ ರೋಗಿಗಳಿಗೆ ಅವರವರ ಮನೆಯವರು ಹೇಗೂ ಪ್ರಾರ್ಥನೆ ಮಾಡುತ್ತಲೇ ಇದ್ದಿರುತ್ತಾರೆ, ಅದನ್ನು ಯಾರೂ ತಡೆದಿರಲಿಲ್ಲ. ಹಾಗಾಗಿ ತಾಯಿಯ ಪ್ರಾರ್ಥನೆ ಬಗ್ಗೆ ಆ ಅಧ್ಯಯನ ಏನೂ ಹೇಳುವುದಿಲ್ಲ. ಆದರೆ ಪ್ರಾರ್ಥನೆ ಅರ್ಜಿ ಅಲ್ಲ ಅಂತ ನೀವೇ ಅಂದಮೇಲೆ, ಅದರಿಂದ ರೋಗ ವಾಸಿಯಾಯಿತು, ಇದರಿಂದ ವಾಸಿಯಾಗಲಿಲ್ಲ ಅನ್ನುವ ಮಾತನ್ನೂ ಬಿಡಬೇಕಾಗುತ್ತೆ ಅಲ್ವಾ?

ವಾರ್ಡ್ ನಂಬರ್ ನಾಲ್ಕು, ಬೆಂಗಳೂರು:

ನಾನು ನರ್ಸ್. ಕ್ಯಾನ್ಸರ್ ವಾರ್ಡಿನಲ್ಲೂ ಕೆಲಸ ಮಾಡಿದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ತುಂಗೆದಡ ಅವರೇ, ಮೊದಲು ಚಿಕ್ಕಮ್ಮನಿಗೆ ಇದನ್ನು ಹೇಳಿ. ಅತ್ತರೆ ಕ್ಯಾನ್ಸರ್ ಜಾಸ್ತಿ ಆಗುವುದಿಲ್ಲ. ಇದು ಸಮಾಧಾನಕ್ಕೆ ಹೇಳುವ ಮಾತಲ್ಲ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಜೇಮ್ಸ್ ಕೊಯ್ನ್ ಮತ್ತು ಜೊತೆಯವರು ತಲೆ, ಕುತ್ತಿಗೆ ಭಾಗದ ಕ್ಯಾನ್ಸರ್ ಇದ್ದ 1093 ಜನರ ಮಾಹಿತಿ ನೋಡಿ 2007ರಲ್ಲಿ ಪ್ರಕಟಿಸಿದರು. ಮನಸ್ಸು ಗಟ್ಟಿ ಇದ್ದವರು, ಕುಗ್ಗಿಹೋದವರು, ಇಬ್ಬರೂ ಬದುಕಿದ ಅವಧಿಯಲ್ಲಿ ಇದರಿಂದ ವ್ಯತ್ಯಾಸ ಕಾಣಲಿಲ್ಲ. ನಿಮ್ಮ ಚಿಕ್ಕಮ್ಮನದು ಬೇರೆ ಜಾಗದ ಕ್ಯಾನ್ಸರ್, ನಿಜ. ಆದರೆ ಒಂದು ರಾತ್ರಿಯ ಕೆಟ್ಟ ಯೋಚನೆ ಗಡ್ಡೆ ಬೆಳೆಸುತ್ತದೆ ಅನ್ನೋಕೆ ಯಾವ ಆಧಾರವೂ ಇಲ್ಲ. ಕೀಮೋ ಔಷಧಿ ರಕ್ತನಾಳದ ಮೂಲಕ ರಕ್ತಕ್ಕೆ ಹೋಗುತ್ತೆ, ಅವರು ಅಳುತ್ತಿದ್ದಾರಾ ನಗುತ್ತಿದ್ದಾರಾ ಅಂತ ಕೇಳಿ ಕೆಲಸ ಮಾಡುವುದಿಲ್ಲ. ಇಷ್ಟು ನೇರವಾಗಿಯೇ ಹೇಳಿ.

ಹಾಗಾದರೆ ಮಾತಿಗೆ ಶಕ್ತಿ ಇಲ್ವಾ? ಇದೆ, ನಾನು ದಿನಾ ನೋಡುತ್ತೇನೆ. ಇಂಜೆಕ್ಷನ್ ಕೊಡುವ ಮುಂಚೆ ನಮ್ಮಲ್ಲಿ ಎಲ್ಲರೂ ಹೇಳುವುದು "ಇರುವೆ ಕಚ್ಚಿದ ಹಾಗೆ ಆಗುತ್ತೆ, ಸ್ವಲ್ಪ ನೋವಾಗುತ್ತೆ" ಅಂತ. ಪಾಪ, ಒಳ್ಳೇದಕ್ಕೇ ಹೇಳುತ್ತಾರೆ. ಅಮೆರಿಕದಲ್ಲಿ ಹೆರಿಗೆಗೆ ಬಂದ 140 ಹೆಂಗಸರಿಗೆ ಬೆನ್ನಿಗೆ ಮರಗಟ್ಟಿಸುವ ಇಂಜೆಕ್ಷನ್ ಕೊಡುವಾಗ ಅರ್ಧ ಜನಕ್ಕೆ "ದೊಡ್ಡ ಜೇನು ಕಡಿದ ಹಾಗೆ ಆಗುತ್ತೆ, ಇದೇ ಎಲ್ಲಕ್ಕಿಂತ ಕಷ್ಟದ ಭಾಗ" ಅಂದರು. ಉಳಿದರ್ಧಕ್ಕೆ "ಈ ಜಾಗ ಮರಗಟ್ಟುತ್ತೆ, ಆಮೇಲೆ ನಿಮಗೆ ಆರಾಮಾಗಿರುತ್ತೆ" ಅಂದರು. ಸೂಜಿ ಅದೇ, ಔಷಧಿ ಅದೇ. ಹತ್ತಕ್ಕೆ ಎಷ್ಟು ನೋವು ಅಂತ ಕೇಳಿದಾಗ ಜೇನಿನ ಮಾತು ಕೇಳಿದವರು ನಡುಮಟ್ಟದಲ್ಲಿ 5 ಅಂದರು, ಇನ್ನೊಂದು ಗುಂಪು 3. ಇದು 2010ರದು. ಓದಿದಮೇಲೆ ನಾನು ಇರುವೆ ಮಾತು ಬಿಟ್ಟೆ. "ಉದ್ದ ಉಸಿರು ತಗೊಳ್ಳಿ, ನಿಧಾನಕ್ಕೆ ಬಿಡಿ, ನಾನು ಇಲ್ಲೇ ಇದ್ದೀನಿ" ಅನ್ನುತ್ತೇನೆ. ಅಷ್ಟೊತ್ತಿಗೆ ಸೂಜಿ ಹೋಗಿರುತ್ತೆ.

ಇನ್ನು ಸಹಸ್ರನಾಮ. ಇಟಲಿಯಲ್ಲಿ ಲುಚಾನೊ ಬೆರ್ನಾರ್ದಿ ಅನ್ನುವವರು 23 ಜನರಿಂದ ಲ್ಯಾಟಿನ್ ಭಾಷೆಯ ಜಪಸರ (ಕ್ರೈಸ್ತರ ಜಪಮಾಲೆ) ಪ್ರಾರ್ಥನೆ ಹೇಳಿಸಿದರು, ಅವರಿಂದಲೇ "ಓಂ ಮಣಿ ಪದ್ಮೇ ಹುಂ" ಕೂಡ ಹೇಳಿಸಿದರು. 2001ರಲ್ಲಿ ಬಂದ ವರದಿ. ಎರಡರಲ್ಲೂ ಉಸಿರಾಟ ನಿಮಿಷಕ್ಕೆ ಸುಮಾರು ಆರಕ್ಕೆ ಇಳಿಯಿತು. ನಾವು ಸುಮ್ಮನೆ ಕೂತಾಗ 12ರಿಂದ 20 ಇರುತ್ತೆ. ಉಸಿರು ಅಷ್ಟು ನಿಧಾನ ಆದಾಗ ಬಿಪಿಯನ್ನು ಸರಿದೂಗಿಸುವ ದೇಹದ ವ್ಯವಸ್ಥೆ ಇನ್ನೂ ಚುರುಕಾಗಿ ಕೆಲಸ ಮಾಡಿತು. ಲ್ಯಾಟಿನ್‌ಗೂ ಸಂಸ್ಕೃತಕ್ಕೂ ಒಂದೇ ಫಲ, ನೋಡಿ. ಸಹಸ್ರನಾಮದ ಮೇಲೆ ಆ ಅಳತೆ ಮಾಡಿಲ್ಲ, ಆದರೆ ರಾಗವಾಗಿ, ಸಾಲು ಮುಗಿಯುವವರೆಗೆ ಉಸಿರು ಹಿಡಿದು ಹೇಳುವವರು ಹೇಗೆ ಶಾಂತವಾಗುತ್ತಾರೆ ಅಂತ ನಿಮ್ಮ ಮನೆಯಲ್ಲೇ ನೋಡಿರುತ್ತೀರಿ. ಅವರು ಹೇಳಲಿ, ತಡೆಯಬೇಡಿ. ಅದರಿಂದ ಗಡ್ಡೆ ಕರಗಬೇಕು ಅಂತ ಮಾತ್ರ ಲೆಕ್ಕ ಇಡಬೇಡಿ. ಆ ಅರ್ಧ ಗಂಟೆ ಎದೆ ಬಡಿತ ತಗ್ಗಿದರೆ, ರಾತ್ರಿ ಸ್ವಲ್ಪ ನಿದ್ದೆ ಬಂದರೆ, ಕೀಮೋದಲ್ಲಿರುವವರಿಗೆ ಅದು ಸಣ್ಣ ವಿಷಯ ಅಲ್ಲ.

ಪಣಂಬೂರು ಕಡಲು, ಮಂಗಳೂರು:

ನರ್ಸಕ್ಕ ಬರೆದದ್ದು ಓದಿ ನಮ್ಮ ಉಮ್ಮನ ನೆನಪಾಯಿತು. ನಮ್ಮಲ್ಲೂ ಇದೇ. ಯಾರಿಗೆ ಹುಷಾರಿಲ್ಲ ಅಂತ ಕೇಳಿದರೂ ಉಮ್ಮ ನಮಾಜಿನ ನಂತರ ಕೈ ಎತ್ತಿ ದುಆ ಮಾಡುತ್ತಾರೆ, ಎದ್ದ ಕೂಡಲೇ "ಡಾಕ್ಟರ ಹತ್ರ ಹೋದ್ರಾ?" ಅಂತ ಕೇಳುತ್ತಾರೆ. ಒಂಟೆಯನ್ನು ಬಿಟ್ಟು ದೇವರ ಮೇಲೆ ಭರವಸೆ ಇಡಲಾ ಅಂತ ಒಬ್ಬರು ಕೇಳಿದಾಗ ಪ್ರವಾದಿಯವರು "ಮೊದಲು ಕಟ್ಟು, ಆಮೇಲೆ ಭರವಸೆ ಇಡು" ಅಂದರು ಅಂತ ಹದೀಸ್ ಇದೆ. ಉಮ್ಮನಿಗೆ ಅದು ಬಾಯಿಪಾಠ. ದುಆ ಮಾಡುವವರೆಲ್ಲ ಮಾತ್ರೆ ಬಿಡುವವರು ಅಂತ ಕೆಲವರು ತಿಳಿದುಕೊಂಡಿದ್ದಾರೆ, ನನಗೆ ಅದು ಸರಿ ಕಾಣುವುದಿಲ್ಲ.

ಮತ್ತೊಂದು. ರೋಗಿಯನ್ನು ನೋಡಲು ಹೋದರೆ ಸ್ವಲ್ಪ ಹೊತ್ತು ಕೂತು ಎದ್ದು ಬರಬೇಕು ಅಂತ ನಮ್ಮಲ್ಲಿ ಹೇಳುತ್ತಾರೆ. ನಿಮ್ಮ ಆ ನೆಂಟರಿಗೆ ಇದನ್ನು ಯಾರಾದರೂ ಹೇಳಬೇಕು.

ಸ್ಯಾನ್ ಹೋಸೆ ಕನ್ನಡತಿ:

ಇಲ್ಲಿ ಕಾಯಿಲೆ ಇಲ್ಲದವರಿಗೂ ಇದೇ ಹುಚ್ಚು. ಪ್ರತಿ ಎರಡನೇ ರೀಲ್ಸ್‌ನಲ್ಲಿ "ಮ್ಯಾನಿಫೆಸ್ಟ್ ಮಾಡಿ," ಅಂದರೆ ಬೇಕಾದ್ದು ಆಗಲೇ ಸಿಕ್ಕಿದೆ ಅಂತ ನೆನೆಸಿಕೊಂಡರೆ ಸಿಕ್ಕೇಬಿಡುತ್ತೆ ಅಂತ. ನನ್ನ ಜೊತೆಗೆ ಲೇಆಫ್ ಆದ ಗೆಳತಿ ಬೆಳಿಗ್ಗೆ ಎದ್ದು ಡೈರಿಯಲ್ಲಿ "ನನಗೆ ಕೆಲಸ ಸಿಕ್ಕಿದೆ, ಧನ್ಯವಾದ" ಅಂತ ಪುಟಗಟ್ಟಲೆ ಬರೆಯುತ್ತಿದ್ದಳು, ರೆಸ್ಯೂಮೆ ಮಾತ್ರ ಹಳೇದೇ ಇತ್ತು.

ಇದರ ಬಗ್ಗೆ ಗಾಬ್ರಿಯೆಲೆ ಓಟಿಂಗೆನ್ ಅನ್ನುವ ಮನಶ್ಶಾಸ್ತ್ರಜ್ಞೆಯ ಕೆಲಸ ನನಗೆ ಹಿಡಿಸಿತು. 1991ರಲ್ಲಿ ಅವರು ಥಾಮಸ್ ವ್ಯಾಡನ್ ಜೊತೆ ಸೇರಿ, ತೂಕ ಇಳಿಸುವ ಕಾರ್ಯಕ್ರಮಕ್ಕೆ ಸೇರಿದ ಹೆಂಗಸರನ್ನು ಒಂದು ವರ್ಷ ಗಮನಿಸಿದರು. "ನನ್ನ ಕೈಲಿ ಆಗುತ್ತೆ" ಅಂತ ನಂಬಿಕೆ ಇದ್ದವರು ಜಾಸ್ತಿ ಇಳಿಸಿದರು. ಅದು ಪಾಸಿಟಿವ್ ಯೋಚನೆಯೇ. ಆದರೆ ಆಗಲೇ ಸಣ್ಣಗಾಗಿ ಓಡಾಡುತ್ತಿರುವ ಹಾಗೆ ಚಂದದ ಕನಸು ಕಾಣುತ್ತಿದ್ದವರು, ಅಷ್ಟು ಚಂದದ ಕನಸು ಕಾಣದವರಿಗಿಂತ ಸುಮಾರು 11 ಕೆಜಿ ಕಡಿಮೆ ಇಳಿಸಿದರು. ಕನಸಲ್ಲೇ ಊರು ಸೇರಿದವರು ಬಸ್ಸು ಯಾಕೆ ಹತ್ತುತ್ತಾರೆ? ಆಸೆ ಏನು ಅಂತ ನೆನೆಸಿಕೊಂಡು, ತಕ್ಷಣ ಅದಕ್ಕೆ ಅಡ್ಡ ಇರುವುದು ಏನು ಅಂತಲೂ ಯೋಚಿಸಿ, ಆ ಅಡ್ಡಿ ಬಂದಾಗ ಏನು ಮಾಡ್ತೀನಿ ಅಂತ ಮೊದಲೇ ಗೊತ್ತು ಮಾಡಿಕೊಳ್ಳಿ ಅನ್ನುತ್ತಾರೆ ಓಟಿಂಗೆನ್.

ಕೀಮೋದಲ್ಲಿರುವವರಿಗೂ ಇದು ಹೊಂದುತ್ತೆ ಅನ್ನಿಸುತ್ತೆ. "ಎಲ್ಲಾ ಸರಿಹೋಗುತ್ತೆ" ಅನ್ನುವ ಬದಲು "ಕೀಮೋ ಆದ ಮೂರನೇ ದಿನ ಸುಸ್ತು ಜಾಸ್ತಿ ಆಗುತ್ತಲ್ಲ, ಅವತ್ತು ನಾನು ಬಂದು ಇರ್ತೀನಿ" ಅಂದರೆ ಅದೇ ಒಳ್ಳೆ ಮಾತು.

ಧಾರವಾಡದಾಕಿ:

ಇದನ್ನೇ ಹೇಳಬೇಕು ಅಂತಿದ್ದೆ ನೋಡ್ರಿ. ಸಂಕ್ರಾಂತಿಗೆ "ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡು" ಅಂತೀವಿ, ನಮ್ಮ ಕಡೆ ಕುಸುರೆಳ್ಳು ಹಂಚಿ ಹೇಳ್ತೀವಿ. ಬೆಲ್ಲ ಬಾಯಲ್ಲಿ ಇಟ್ಟುಕೊಂಡು ಬರೀ ಸುಳ್ಳು ಸಿಹಿ ಹೇಳು ಅಂತ ಅದಕ್ಕೆ ಅರ್ಥ ಇಲ್ಲ. ನಮ್ಮ ಅಪ್ಪ ಹಾಸಿಗೆ ಹಿಡಿದಾಗ ಓಣಿಯ ಒಬ್ಬ ಅಜ್ಜಿ ಬರುತ್ತಿದ್ದಳು. ಹಾಂಗಿರು, ಹೀಂಗಿರು ಅಂತ ಉಪದೇಶ ಇಲ್ಲ. ಮಂಚದ ಪಕ್ಕ ಕುಳಿತು ಸಂಚಿ ಬಿಚ್ಚಿ, ಎಲೆ ಅಡಿಕೆ ಕುಟ್ಟುತ್ತಾ, ಈ ಸಲ ಜೋಳ ಎಷ್ಟು ಬಂತು, ಯಾರ ಮನೆಯ ಎಮ್ಮೆ ಈದಿತು, ಇದನ್ನೇ ಹೇಳುವಾಕಿ. ಅಪ್ಪ ಬೇರೆ ಯಾರು ಬಂದರೂ ಕಣ್ಣು ಮುಚ್ಚುತ್ತಿದ್ದ, ಆಕೆ ಬಂದರೆ ದಿಂಬು ಎತ್ತರಿಸಿ ಕುಳಿತುಕೊಳ್ಳುತ್ತಿದ್ದ. ಹೋಗುವಾಗ ಬಾಗಿಲಲ್ಲಿ ನಿಂತು "ನಾಳೆ ಬರ್ತೇನಿ" ಅನ್ನುತ್ತಿದ್ದಳು, ಬರುತ್ತಿದ್ದಳು.

ಚಿಕ್ಕಮ್ಮನ ಮುಂದೆ ಕಾಯಿಲೆ ಬಿಟ್ಟು ಬೇರೆ ಏನಾದರೂ ಮಾತಾಡ್ರಿ. ಮನುಷ್ಯರಿಗೆ ತಾವು ಬರೀ ರೋಗಿ ಅಲ್ಲ ಅಂತ ಅನ್ನಿಸಬೇಕಲ್ರೀ.

ಬೆಳಗಿನ ಕಿರಣ, ಮೈಸೂರು:

ಎಲ್ಲರ ಮಾತೂ ಓದಿದೆ. ನನ್ನ ನಂಬಿಕೆ ನನಗಿದೆ, ದೀಪ ಹಚ್ಚುವುದೂ ಬಿಡುವುದಿಲ್ಲ. ಪ್ರಾರ್ಥನೆಯಿಂದ ಬರೀ ಉಸಿರು ನಿಧಾನ ಆಗುತ್ತೆ, ಬೇರೇನೂ ಇಲ್ಲ ಅಂದರೆ ನಾನು ಒಪ್ಪುವವಳಲ್ಲ. ಆದರೆ ಒಂದು ಮಾತು. ದೇವರನ್ನು ನಂಬಿದವರಿಗೆ ದೇವರ ಮುಂದೆ ಅಳುವ ಹಕ್ಕೂ ಇದೆ. ನಮ್ಮ ದಾಸರು ದೇವರ ಹತ್ತಿರ ಜಗಳವನ್ನೇ ಆಡಿದ್ದಾರೆ, "ನೀನ್ಯಾಕೋ, ನಿನ್ನ ಹಂಗ್ಯಾಕೋ" ಅಂತ. ಚಿಕ್ಕಮ್ಮನಿಗೆ ಅಳು ಬಂದರೆ ದೇವರ ಕೋಣೆಯಲ್ಲೇ ಕೂತು ಅಳಲಿ. ಅದನ್ನು ನೆಗೆಟಿವ್ ಅನ್ನುವವರಿಗೆ ಭಕ್ತಿ ಗೊತ್ತಿಲ್ಲ.

ಗಡಿಬಿಡಿ ಗುಂಡ:

ಕಿರಣಕ್ಕಾ, ಇದಕ್ಕೆ ನನ್ನ ಕಡೆಯಿಂದ ಅಸ್ತು.

ತುಂಗೆದಡ, ಶಿವಮೊಗ್ಗ:

ಎಲ್ಲರಿಗೂ ಧನ್ಯವಾದ. ನರ್ಸ್ ಮೇಡಂ ಬರೆದದ್ದನ್ನೂ ಕಿರಣ ಅವರ ಕೊನೆಯ ಮಾತನ್ನೂ ಚಿಕ್ಕಮ್ಮನಿಗೆ ಓದಿ ಹೇಳಿದೆ. ಸುಮ್ಮನೆ ಕೇಳಿಸಿಕೊಂಡರು. "ಹಂಗಾದ್ರೆ ಇವತ್ತು ರಾತ್ರಿ ಸ್ವಲ್ಪ ಅತ್ಕೋತೀನಿ, ನಾಳೆ ಆ ಉಳಿದ ಕೂದಲು ತೆಗೆಸಿಬಿಡೋಣ" ಅಂದರು. ಚಿಕ್ಕಪ್ಪ ನಾಳೆ ಮನೆಗೇ ಕ್ಷೌರದವರನ್ನು ಕರೆದುಕೊಂಡು ಬರುತ್ತಾರೆ.

ಇನ್ನೊಂದು ತೊಂದರೆ. ಎರಡು ದಿನದಿಂದ ಬಾಯಿಯೆಲ್ಲ ಹುಣ್ಣು, ಸಹಸ್ರನಾಮ ಜೋರಾಗಿ ಹೇಳೋಕೆ ಆಗುತ್ತಿಲ್ಲ. ಅರ್ಧಕ್ಕೇ ನಿಲ್ಲಿಸಿದರೆ ದೋಷ ಅಂತ ಒದ್ದಾಡುತ್ತಿದ್ದಾರೆ. ಊಟವೂ ಸೇರುತ್ತಿಲ್ಲ. ಏನು ಮಾಡಲಿ?

ಬೆಳಗಿನ ಕಿರಣ, ಮೈಸೂರು:

ದೋಷ ಏನೂ ಇಲ್ಲ. ಕೇಳಿದರೂ ಫಲ ಅಂತ ಅದರ ಫಲಶ್ರುತಿಯಲ್ಲೇ ಇದೆ. ಚಿಕ್ಕಮ್ಮ ಕಣ್ಣು ಮುಚ್ಚಿ ಮಲಗಲಿ, ನೀವು ಪಕ್ಕದಲ್ಲಿ ಕೂತು ಓದಿ. ನಂಬಿಕೆ ಇಲ್ಲದಿದ್ದರೂ ಓದೋಕೆ ಬರುತ್ತಲ್ಲ! ತಪ್ಪಿದಲ್ಲಿ ಅವರೇ ತಿದ್ದುತ್ತಾರೆ.

ವಾರ್ಡ್ ನಂಬರ್ ನಾಲ್ಕು, ಬೆಂಗಳೂರು:

ಹುಣ್ಣಿನ ವಿಷಯ ನಿಮ್ಮ ಡಾಕ್ಟರಿಗೆ ಇವತ್ತೇ ಫೋನ್ ಮಾಡಿ ಹೇಳಿ, ಹಚ್ಚಲು ಔಷಧಿ ಬರೆದುಕೊಡುತ್ತಾರೆ. ಅಲ್ಲಿಯವರೆಗೆ ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಕಾಲು ಚಮಚ ಅಡುಗೆ ಸೋಡಾ, ಅದರ ಅರ್ಧದಷ್ಟು ಉಪ್ಪು ಹಾಕಿ ದಿನಕ್ಕೆ ಹಲವು ಸಲ ಮುಕ್ಕಳಿಸಿ ಉಗುಳಲಿ. ಮೆತ್ತನೆ ಬ್ರಷ್. ಖಾರ, ಹುಳಿ, ಬಿಸಿ ಬಿಸಿ ಯಾವುದೂ ಬೇಡ. ಆರಿದ ಗಂಜಿ, ಮೆತ್ತಗೆ ಕಿವುಚಿದ ಅನ್ನ, ಚೆನ್ನಾಗಿ ಬೇಯಿಸಿದ ರಾಗಿ ಅಂಬಲಿ ನುಂಗೋಕೆ ಸುಲಭ.

ಇದು ಮಾತ್ರ ಗೋಡೆ ಮೇಲೆ ಬರೆದಿಡಿ. ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ, ರಾತ್ರಿ ಎರಡು ಗಂಟೆ ಆಗಿದ್ದರೂ, ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಹೋಗಿ. ಕೀಮೋದಲ್ಲಿ ಬಿಳಿ ರಕ್ತಕಣ ಇಳಿದಿರುತ್ತೆ, ಸೋಂಕು ಬೇಗ ಏರುತ್ತೆ.

ನಿಮಗೂ ಒಂದು. ನೋಡಿಕೊಳ್ಳುವವರೂ ಸೋಲುತ್ತಾರೆ. 14416 ಟೆಲಿ ಮಾನಸ್ ಸಹಾಯವಾಣಿ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ, ರಾತ್ರಿಯೂ ಇರುತ್ತಾರೆ. ಚಿಕ್ಕಮ್ಮನೂ ಮಾಡಬಹುದು, ನೀವೂ ಮಾಡಬಹುದು.

ತುಂಗೆದಡ, ಶಿವಮೊಗ್ಗ:

ಥರ್ಮಾಮೀಟರ್ ಮನೆಯಲ್ಲಿ ಇಲ್ಲ, ಈಗಲೇ ತರಿಸುತ್ತೇನೆ. ರಾಗಿ ಅಂಬಲಿಗೆ ಮಜ್ಜಿಗೆ ಹಾಕಬಹುದಾ ಮೇಡಂ, ಹುಳಿ ಇಲ್ಲದ್ದು?

ವಾರ್ಡ್ ನಂಬರ್ ನಾಲ್ಕು, ಬೆಂಗಳೂರು:

ಕಾಯಿಸಿದ ಹಾಲಿಗೆ ಮನೆಯಲ್ಲೇ ಹೆಪ್ಪು ಹಾಕಿದ ಮೊಸರಾದರೆ ಸಾಮಾನ್ಯವಾಗಿ ತೊಂದರೆ ಇಲ್ಲ, ಅವತ್ತಿನದೇ ಇರಲಿ. ಆದರೂ ಡಾಕ್ಟರಿಗೆ ಫೋನ್ ಮಾಡುವಾಗ ಕೇಳಿಬಿಡಿ, ಕಣ ತುಂಬಾ ಇಳಿದಿದ್ದರೆ ಸ್ವಲ್ಪ ದಿನ ಬೇಡ ಅನ್ನಬಹುದು.